ಸಾಣೆಯಣ್ಣನ ಉಕ್ಕಿನ ಆಣಿ

ಸಾಣೆಯಣ್ಣ ಯಾವುದನ್ನೂ ಒಂದೇ ಸಲಕ್ಕೆ ನಂಬಿದ ಮನುಷ್ಯನಲ್ಲ. ಅಂಗಡಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದವನು ವಾಪಸ್ಸು ಬಂದು ಎಳೆದು ನೋಡುತ್ತಿದ್ದ. ಬೀದಿಯ ತಿರುವಿನವರೆಗೆ ಹೋಗಿ ಅಲ್ಲಿಂದಲೂ ಒಮ್ಮೆ ಮರಳಿ ಬರುತ್ತಿದ್ದ. ಹೀಗೆ ಎಳೆದೂ ಎಳೆದೂ ಒಂದು ದಿನ ಹಳೆಯ ಬೀಗ ಕೊಂಡಿಯ ಸಮೇತ ಕೈಗೇ ಬಂದಾಗ, "ನೋಡಿದ್ರಾ? ನಾನು ಎಳೀದೇ ಹೋಗಿದ್ರೆ ಗತಿ ಏನಾಗ್ತಿತ್ತು?" ಎಂದು ಪಕ್ಕದ ದರ್ಜಿಯನ್ನು ಕೇಳಿದ. ದರ್ಜಿ ಉತ್ತರ ಕೊಡಲಿಲ್ಲ. ಕೊಟ್ಟರೆ "ಇನ್ನೊಂದ್ಸಲ ಹೇಳಿ" ಅನ್ನುತ್ತಾನೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಎದುರಿಗೆ ಸಾಣೆಯಣ್ಣ ಎನ್ನುತ್ತಿದ್ದವರೇ ಬೆನ್ನ ಹಿಂದೆ ಅವನನ್ನು 'ಇನ್ನೊಂದ್ಸಲ' ಎಂದು ಕರೆಯುತ್ತಿದ್ದರು.

ಅವನ ಅಂಗಡಿ ಎರಡು ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡ ಎಂಟಡಿಯ ಕೋಣೆ. ಒಳಗೆ ಮೋಟಾರಿನಿಂದ ತಿರುಗುವ ಎರಡು ಸಾಣೆಕಲ್ಲು, ಒಂದು ಒರಟು, ಇನ್ನೊಂದು ನಯ. ನೀರಿನ ಡಬ್ಬ, ಚರ್ಮದ ಪಟ್ಟಿ, ಅರಗಳ ಸಾಲು. ಗೋಡೆಯ ತುಂಬ ದರ್ಜಿಗಳ ಕತ್ತರಿ, ಕ್ಷೌರದ ಕತ್ತಿ, ಮಾಂಸದಂಗಡಿಯ ಚೂರಿಗಳು, ಪ್ರತಿಯೊಂದಕ್ಕೂ ದಾರ ಕಟ್ಟಿದ ಚೀಟಿ. ಕೆಲಸದಲ್ಲಿ ಮಾತ್ರ ಅವನತ್ತ ಬೆರಳು ತೋರಿಸುವಂತಿರಲಿಲ್ಲ. ಕತ್ತರಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ತೆರೆದು ಮುಚ್ಚಿದರೆ ಅದರ ತಿರುಪು ಎಷ್ಟು ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದ. "ಇದರಲ್ಲಿ ಕಾಗದ ಕತ್ತರಿಸಿದ್ದೀರಿ" ಎನ್ನುತ್ತಿದ್ದ. "ಇಲ್ಲಪ್ಪ" ಎಂದವರಿಗೆ, "ಆಯ್ತು, ಹಾಗೇ ಇರಲಿ" ಎಂದು ಎಂಥ ದನಿಯಲ್ಲಿ ಹೇಳುತ್ತಿದ್ದನೆಂದರೆ, ಆ ಬಡಪಾಯಿಗಳು ನಿಜಕ್ಕೂ ಕಾಗದ ಕತ್ತರಿಸಿದ್ದೆವೇನೋ ಎಂದುಕೊಂಡು ಮನೆ ಸೇರುತ್ತಿದ್ದರು.

ಅವನ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ. ಇಪ್ಪತ್ತೇಳು ವರ್ಷದಿಂದ ಗಂಡನ ಅನುಮಾನಗಳನ್ನು ಆಕೆ ಹೊದಿಕೆಯ ಸುಕ್ಕಿನಂತೆ ಕಂಡು, ಒತ್ತಿ ಮುಂದೆ ಹೋಗುತ್ತಿದ್ದಳು. "ಸೂರ್ಯ ಹುಟ್ಟಿದ್ರೂ ನಿಮ್ಮಪ್ಪ ಗಡಿಯಾರ ನೋಡಿಯೇ ನಂಬೋದು" ಎಂದು ಮಗಳ ಹತ್ತಿರ ನಗುತ್ತಿದ್ದಳು. ಮಗಳಿಗೆ ನಗು ಬರುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಕಾಲು ಗಂಟೆ ತಡವಾದರೆ ಅಪ್ಪ ಅಂಗಡಿಗೆ ಫೋನು ಮಾಡುತ್ತಿದ್ದ. "ಕೆಲಸ ಜಾಸ್ತಿ ಇತ್ತಪ್ಪ" ಎಂದರೆ ಮರುದಿನ ಆ ದಾರಿಯಲ್ಲೇ ಹೋಗುವವನಂತೆ ಹೋಗಿ, ಕೆಲಸ ಜಾಸ್ತಿ ಇತ್ತೇ ಎಂದು ಯಜಮಾನರ ಬಾಯಿಂದಲೇ ಕೇಳಿಸಿಕೊಂಡು ಬರುತ್ತಿದ್ದ. ಮಗಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರೀತಿ ಯಾವಾಗಲೂ ಪೊಲೀಸರ ವೇಷದಲ್ಲೇ ಬರುತ್ತಿತ್ತು.

ಈ ಮಗಳು ಎರಡು ವರ್ಷದ ಹಿಂದೆ, ತಾನು ಜಪಾನಿ ಕತ್ತಿವಿದ್ಯೆ ಕಲಿಯುತ್ತಿದ್ದೇನೆ ಎಂದಳು. ಸಾಣೆಯಣ್ಣನ ತಲೆಯೊಳಗೆ ಹುಳ ಬಿಟ್ಟಂತಾಯಿತು. ಈ ಕಾಲದಲ್ಲಿ ಕತ್ತಿ ಯಾರಿಗೆ ಬೇಕು? ಕಲಿಸುವವರು ಯಾರು? ಕಲಿಸಿ ಅವರಿಗೇನಾಗಬೇಕು? ಮಗಳು ಸ್ನಾನಕ್ಕೆ ಹೋದಾಗ ಉದ್ದನೆಯ ಬಟ್ಟೆಚೀಲ ಬಿಚ್ಚಿ ಕತ್ತಿ ಹೊರಗೆಳೆದ. ಹೆಬ್ಬೆರಳ ಉಗುರಿನ ಮೇಲೆ ಅಲಗು ಆಡಿಸಿದ. ಮೊಂಡು! ಅಂಗಡಿಯಿಂದ ತಂದಿದ್ದ ಅಯಸ್ಕಾಂತ ಹಚ್ಚಿದ. ಅದು ಅಂಟದೆ ಜಾರಿತು. ಇದು ಉಕ್ಕೇ ಅಲ್ಲ! ಹರಿತವಿಲ್ಲದ, ಉಕ್ಕೂ ಅಲ್ಲದ ಕತ್ತಿಯನ್ನು ಕತ್ತಿ ಎಂದು ನಂಬಿಸಿ ಮಗಳ ತಲೆಗೆ ಟೋಪಿ ಹಾಕುತ್ತಿದ್ದಾರೆ ಎಂಬುದು ಅವನಿಗೆ ಹಗಲಿನಷ್ಟು ಸ್ಪಷ್ಟವಾಯಿತು. ಹೀಗೆ ಮನಸ್ಸಿನಲ್ಲೇ ಬೇಯುತ್ತಾ ಎರಡು ವರ್ಷ ಕಳೆದವನು ಕೊನೆಗೆ ತಡೆಯಲಾರದೆ, ಒಂದು ಮಂಗಳವಾರ ಸಂಜೆ ಅವಳ ಬೆನ್ನು ಹಿಡಿದು ಹೋದ. ನಿಲ್ಲಿಸಿದ್ದ ವ್ಯಾನಿನ ಹಿಂದೆ ಅಡಗಿ ನಿಂತ. ವ್ಯಾನು ಹೊರಟುಹೋಯಿತು. ಬಟ್ಟಬಯಲಲ್ಲಿ ನಿಂತಿದ್ದ ಅಪ್ಪನನ್ನು ಮಗಳು ತಿರುಗಿ ನೋಡಿದಳು.

ಅವತ್ತು ಮನೆಯಲ್ಲಿ ಅವಳು ಕೂಗಾಡಲಿಲ್ಲ, ಅದೇ ಅವನಿಗೆ ಭಯ ಹುಟ್ಟಿಸಿತು. "ಅಪ್ಪ, ಇದೇ ಕೊನೆ. ಇನ್ನು ನನ್ನ ಬೆನ್ನ ಹಿಂದೆ ನೀನು ಏನಾದ್ರೂ ಮಾಡಿದ್ದು ಗೊತ್ತಾದ್ರೆ ನಾನು ಈ ಮನೇಲಿ ಇರಲ್ಲ. ನನ್ನ ಜೊತೆ ಕೆಲಸ ಮಾಡೋಳ ರೂಮಲ್ಲಿ ಒಂದು ಮಂಚ ಖಾಲಿ ಇದೆ. ಅವಳನ್ನ ಕೇಳೂ ಆಗಿದೆ."

"ನಾನೇನು ತಪ್ಪು ಮಾಡ್ದೆ? ಯಾರ ಹತ್ರ ಹೋಗ್ತೀಯ ಅಂತ..."

"ನಂಬಿಕೆ ಇಲ್ದಿದ್ರೆ ನೀನೇ ಬಂದು ಸೇರ್ಕೋ. ಎದುರಿಗೆ ಕೂತು ನೋಡು. ಆದ್ರೆ ಕದ್ದು ನೋಡ್ಬೇಡ."

ಅವಳು ಕೋಪಕ್ಕೆ ಹೇಳಿದ ಮಾತದು. ಸಾಣೆಯಣ್ಣ ಮಾತ್ರ ಮುಂದಿನ ಶನಿವಾರವೇ ಹೋಗಿ ಸೇರಿಕೊಂಡ. ಐವತ್ತಮೂರನೆಯ ವಯಸ್ಸಿನಲ್ಲಿ, ನೋಯುವ ಮಂಡಿಗಳನ್ನು ಕಟ್ಟಿಕೊಂಡು. ಮಗಳು ಮನೆ ಬಿಟ್ಟು ಹೋಗಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು.

ತರಗತಿ ನಡೆಯುತ್ತಿದ್ದದ್ದು ಹಳೆಯ ಮುದ್ರಣಾಲಯವೊಂದರ ಮಹಡಿಯಲ್ಲಿ. ಮರದ ನೆಲ, ಒಂದು ಗೋಡೆಯುದ್ದಕ್ಕೂ ಕನ್ನಡಿ, ಕೆಳಗಿನಿಂದ ಏರಿಬರುವ ಶಾಯಿಯ ವಾಸನೆ. ಕಲಿಯಲು ಬರುತ್ತಿದ್ದವರು ಎಂಟು ಜನ. ಟೀಚರಿಗೆ ಅರವತ್ತನಾಲ್ಕು ವರ್ಷ, ಗಿಡ್ಡನೆಯ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ಇಳಿಬಿಟ್ಟಿದ್ದರು. ಮೊದಲು ಆಪರೇಷನ್ ಥಿಯೇಟರಿನ ನರ್ಸಾಗಿದ್ದರಂತೆ. ಜಪಾನಿನ ಆಸ್ಪತ್ರೆಯೊಂದರಲ್ಲಿ ಹನ್ನೆರಡು ವರ್ಷ ದುಡಿದಾಗ ಅಲ್ಲಿಯೇ ಈ ವಿದ್ಯೆ ಕಲಿತದ್ದಂತೆ. ಇಷ್ಟು 'ಅಂತೆ'ಗಳನ್ನು ಸಾಣೆಯಣ್ಣ ಒಟ್ಟಿಗೆ ನುಂಗುವವನೇ? "ಹನ್ನೆರಡು ವರ್ಷವೂ ಒಂದೇ ಆಸ್ಪತ್ರೇಲಾ?" ಎಂದು ಕೇಳಿದ. "ಹೌದು" ಎಂದರು ಟೀಚರು. "ಇನ್ನೊಂದ್ಸಲ ಹೇಳಿ" ಎಂದ. ಹಿಂದಿನ ಸಾಲಿನಲ್ಲಿ ಮಗಳು ಕಣ್ಣು ಮುಚ್ಚಿಕೊಂಡಳು.

ಆ ವಿದ್ಯೆಗೆ ಇಯಾಯ್ಡೋ ಎಂದು ಹೆಸರು. ಒರೆಯಿಂದ ಕತ್ತಿ ಸೆಳೆಯಬೇಕು, ಎದುರಿಗೆ ಇಲ್ಲದ ಶತ್ರುವನ್ನು ಕಡಿಯಬೇಕು, ಅಲಗಿಗೆ ಅಂಟಿಲ್ಲದ ರಕ್ತವನ್ನು ಕೊಡವಬೇಕು, ಮತ್ತೆ ಕತ್ತಿಯನ್ನು ಒರೆಗೆ ಸೇರಿಸಬೇಕು. ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಮೊದಲ ಮೂರು ತಿಂಗಳು ಸಾಣೆಯಣ್ಣನಿಗೆ ಕೊಟ್ಟದ್ದು ಮರದ ಕತ್ತಿ. ಅದಕ್ಕೂ ಮೊದಲು ಮಂಡಿಯೂರಿ ಕೂರುವುದನ್ನು ಕಲಿಸಿದರು. ಹತ್ತು ನಿಮಿಷಕ್ಕೆ ಪಾದಗಳು ತನ್ನವೋ ಪಕ್ಕದವನವೋ ತಿಳಿಯದ ಸ್ಥಿತಿಗೆ ಬಂದವು. ಕತ್ತಿಯನ್ನು ನೆಲದ ಮೇಲಿಟ್ಟು ಅದಕ್ಕೆ ತಲೆಬಾಗಬೇಕು ಎಂದಾಗ, ಎಲ್ಲರೂ ತಲೆ ಬಾಗಿಸಿದ ಹೊತ್ತಿನಲ್ಲಿ ಇವರೇನು ಮಾಡುತ್ತಾರೆ ನೋಡೋಣವೆಂದು ಓರೆಗಣ್ಣಿನಲ್ಲಿ ಟೀಚರನ್ನು ನೋಡಿದ. ಅವರೂ ತಲೆ ಬಾಗಿಸಿದ್ದರು. ಇದು ಅವನಿಗೆ ಇನ್ನಷ್ಟು ಅನುಮಾನ ತಂದಿತು.

ಅವನಿಗೆ ಪ್ರಾಣಸಂಕಟವಾಗಿದ್ದು ಕತ್ತಿಯನ್ನು ಒರೆಗೆ ಸೇರಿಸುವುದು. ಕಣ್ಣು ಶತ್ರುವಿನ ಮೇಲೇ ಇರಬೇಕು, ಒರೆಯ ಬಾಯನ್ನು ಎಡಗೈಯಿಂದ ಹುಡುಕಿಕೊಳ್ಳಬೇಕು. ನೋಡದೆ! ಹಾಕಿದ ಬೀಗವನ್ನು ಎರಡೆರಡು ಸಲ ಎಳೆಯುವವನಿಗೆ ನೋಡದೆ ಮಾಡು ಎಂದರೆ ಏನು ಗತಿ? ಪ್ರತಿ ಸಲವೂ ಅವನ ಕಣ್ಣು ಕೆಳಗಿಳಿಯುತ್ತಿತ್ತು.

"ನೋಡಬೇಡಿ" ಎನ್ನುತ್ತಿದ್ದರು ಟೀಚರು.

"ನೋಡ್ದೆ ಹೇಗೆ ಗೊತ್ತಾಗುತ್ತೆ?"

"ಕೈಗೆ ಗೊತ್ತಾಗುತ್ತೆ."

"ಕೈ ಸುಳ್ಳು ಹೇಳಿದ್ರೆ?"

ಟೀಚರು ಕನ್ನಡಕ ಏರಿಸಿ ಅವನನ್ನು ನೋಡಿದರು. "ನಿಮ್ಮ ಕೈ ಮೂವತ್ತು ವರ್ಷದಿಂದ ಸಾಣೆ ಹಿಡಿದಿದೆ. ಅದನ್ನೂ ನಂಬಲ್ವಾ?" ಎಂದರು. ಸಾಣೆಯಣ್ಣ ಮತ್ತೆ ಒರೆಯ ಬಾಯಿ ಹುಡುಕತೊಡಗಿದ.

ಒಂದು ವಿಷಯದಲ್ಲಿ ಮಾತ್ರ ಅವನಿಗೆ ಸರಿಸಾಟಿಯಿರಲಿಲ್ಲ. ಇಲ್ಲದ ಶತ್ರುವನ್ನು ಕಣ್ಣಿಗೆ ತಂದುಕೊಳ್ಳುವುದು ಈ ವಿದ್ಯೆಯ ಅರ್ಧ ಪಾಠ. ಜೊತೆಗೆ ಕಲಿಯುತ್ತಿದ್ದವರಲ್ಲಿ ಅಂಚೆ ಗುಮಾಸ್ತ ಗೋಡೆಯ ಕ್ಯಾಲೆಂಡರನ್ನು ಕಡಿದಂತೆ ಕಡಿಯುತ್ತಿದ್ದ. ಬೇಕರಿಯವನ ಕಣ್ಣಲ್ಲಿ ನಿದ್ದೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಸಾಣೆಯಣ್ಣ ಮಂಡಿಯೂರಿ ಕೂತು ತಲೆಯೆತ್ತಿದನೆಂದರೆ, ಎದುರಿಗೆ ಯಾರೋ ಬಂದು ಕೂತೇ ಬಿಟ್ಟಿದ್ದಾರೆ, ಅವರ ಕೈ ಎಲ್ಲಿದೆ, ಮನಸ್ಸಿನಲ್ಲೇನಿದೆ ಎಂದು ಅವನು ಅಳೆಯುತ್ತಿದ್ದಾನೆ ಎಂದು ಉಳಿದವರಿಗೂ ಅನ್ನಿಸುತ್ತಿತ್ತು. "ಎದುರಾಳಿಯನ್ನ ನೋಡೋದು ಇವರಿಂದ ಕಲೀರಿ" ಎಂದರು ಟೀಚರು. ಅವನಿಗೆ ಸಿಕ್ಕ ಒಂದೇ ಒಂದು ಶಹಬ್ಬಾಸ್ ಅದು. ಜೀವನವಿಡೀ ಮಾಡಿದ ಅಭ್ಯಾಸಕ್ಕೆ ಸಿಕ್ಕಿದ್ದರಿಂದ ಅವನು ಅದನ್ನು ಒಂದೇ ಸಲಕ್ಕೆ ನಂಬಿದ. ಮನೆಗೆ ಹೋಗುವ ದಾರಿಯಲ್ಲಿ ಮಗಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಅಪ್ಪನ ಜೊತೆ ನಕ್ಕಿದ್ದಳು. ಅವನಿಗೆ ನೆಲ ಬಿಟ್ಟು ನಡೆದಂತಾಯಿತು.

ನಾಲ್ಕನೆಯ ತಿಂಗಳು ತರಗತಿಯ ಬೀರುವಿನಿಂದ ಅವನಿಗೂ ಲೋಹದ ಕತ್ತಿ ಸಿಕ್ಕಿತು. ಅಯಸ್ಕಾಂತದ ವಿಷಯ ಮರೆತಿರದ ಅವನು ಕೇಳಿಯೇಬಿಟ್ಟ. "ಇದು ಉಕ್ಕಲ್ಲ, ಮೆದು ಲೋಹ. ಕಲಿಯೋರು ಕೈ ಕಡ್ಕೋಬಾರದು ಅಂತ" ಎಂದು ಟೀಚರು ನೇರವಾಗಿ ಒಪ್ಪಿಕೊಂಡರು. ಒಪ್ಪಿಕೊಂಡುಬಿಟ್ಟರೆ ಅನುಮಾನಪಡುವುದು ಹೇಗೆ? ಅವನಿಗೆ ನಿರಾಸೆಯೇ ಆಯಿತು. ಆಮೇಲೆ ಅವರು ಕತ್ತಿಯ ಹಿಡಿಯಲ್ಲಿದ್ದ ಆಣಿಯನ್ನು ತೋರಿಸಿದರು.

ಕತ್ತಿಯ ಅಲಗಿಗೆ ಒಂದು ಬಾಲ. ಅದು ಮರದ ಹಿಡಿಯೊಳಗೆ ಹೋಗಿ ಕೂರುತ್ತದೆ. ಹಿಡಿಗೂ ಬಾಲಕ್ಕೂ ಅಡ್ಡವಾಗಿ ಒಂದು ತೂತು. ಆ ತೂತಿನಲ್ಲಿ ಪೆನ್ಸಿಲಿಗಿಂತ ತೆಳ್ಳಗಿನ, ಎರಡು ಬೆರಳಗಲದ ಉದ್ದವೂ ಇಲ್ಲದ ಬಿದಿರಿನ ಆಣಿ. ಇಡೀ ಅಲಗು ನಿಂತಿರುವುದು ಅದರ ಮೇಲೆ. ಪ್ರತಿ ತರಗತಿಗೆ ಮೊದಲು ಎಲ್ಲರೂ ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಬೇಕು. ತಿಂಗಳ ಮೊದಲ ಭಾನುವಾರ ಮನೆಯಲ್ಲಿ ಅದನ್ನು ಹೊರಗೆ ತೆಗೆದು, ಸವೆದಿದೆಯೇ, ಸೀಳಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. "ನೋಡಿದೆ ಅಂದ್ರೆ ನೋಡಿರಬೇಕು" ಎಂದರು ಟೀಚರು. "ಥಿಯೇಟರಲ್ಲಿ ನಾವು ಹತ್ತಿಯುಂಡೆ ಎಣಿಸ್ತಿದ್ವಿ. ಎಣಿಸದೇ ಇದ್ದು ಎಣಿಸಿದೆ ಅಂದ್ರೆ ಒಂದು ಉಂಡೆ ರೋಗಿಯ ಹೊಟ್ಟೇಲೇ ಉಳಿಯುತ್ತೆ. ಆಣಿ ವಿಷಯದಲ್ಲಿ ನನ್ನ ಹತ್ರ ಸುಳ್ಳು ಹೇಳಿದವರಿಗೆ ಈ ಕೋಣೇಲಿ ಜಾಗ ಇಲ್ಲ."

ಎಲ್ಲವನ್ನೂ ಒತ್ತಿ ನೋಡಬೇಕು ಎನ್ನುವ ವಿದ್ಯೆ! ಸಾಣೆಯಣ್ಣನಿಗೆ ಮೊದಲ ಸಲ ತನ್ನ ಮನೆಗೇ ಬಂದಂತೆನಿಸಿತು. ಆದರೆ ಬಿದಿರು?

"ಇಷ್ಟು ದೊಡ್ಡ ಅಲಗು ಈ ಕಡ್ಡಿ ಮೇಲೆ ನಿಂತಿದೆಯಾ? ಉಕ್ಕಿಂದು ಹಾಕಬಾರದಾ?"

"ಬೇಡ. ಬಿದಿರು ಬಾಗುತ್ತೆ, ಏಟು ತಿಂದ್ಕೊಳ್ಳುತ್ತೆ. ಕೈಕೊಡೋ ಮೊದಲು ಹೇಳುತ್ತೆ. ಉಕ್ಕು ಹೇಳಲ್ಲ."

ಹೇಳುತ್ತದಂತೆ! ಬಿದಿರು ಮಾತಾಡುತ್ತದಂತೆ! ಸಾಣೆಯಣ್ಣ ಮೇಲೆ ತಲೆಯಾಡಿಸಿದ, ಒಳಗೊಳಗೇ ಕುದಿದ. ಲೋಹದ ವಿಷಯ ಈ ನರ್ಸಮ್ಮನಿಗೇನು ಗೊತ್ತು? ಮರುದಿನದಿಂದ ಅವನಿಗೆ ಕತ್ತರಿ ಉಜ್ಜುವಾಗಲೂ ಅದೇ ಚಿತ್ರ: ಮಗಳು ಕತ್ತಿ ಬೀಸುತ್ತಾಳೆ, ಕಡ್ಡಿ ಮುರಿಯುತ್ತದೆ, ಅಲಗು ಹಾರಿ ಕನ್ನಡಿಗೆ ಬಡಿದು ಮರಳಿ ಅವಳ ಮುಖಕ್ಕೆ ಬರುತ್ತದೆ. ಇಲ್ಲದ ಶತ್ರುವನ್ನು ಕಾಣುವುದರಲ್ಲಿ ಅವನು ಎಷ್ಟು ನಿಪುಣ ಎಂದು ಆಗಲೇ ಹೇಳಿದೆನಲ್ಲ. ಮಗಳಿಗೆ ಇನ್ನು ಒಂದೇ ತಿಂಗಳಲ್ಲಿ ಮೊದಲ ದರ್ಜೆಯ ಪರೀಕ್ಷೆ. ದಿನಾ ಬೆಳಗ್ಗೆ ಎದ್ದು ಹಿತ್ತಲಲ್ಲಿ ನೂರು ಸಲ ಬೀಸುತ್ತಿದ್ದಳು. ನೂರು ಸಲವೂ ಅಡುಗೆಮನೆಯ ಕಿಟಕಿಯಲ್ಲಿ ನಿಂತ ಅಪ್ಪನ ಜೀವ ಬಾಯಿಗೆ ಬರುತ್ತಿತ್ತು.

ತಿಂಗಳ ಮೊದಲ ಭಾನುವಾರ ಅವಳು ಪುಟ್ಟ ಸುತ್ತಿಗೆಯಿಂದ ಆಣಿ ತಟ್ಟಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೂರಿಸಿದ್ದನ್ನು ಅವನು ಕಣ್ಣಾರೆ ಕಂಡ. ಸೋಮವಾರ ಅವಳು ಕೆಲಸಕ್ಕೆ ಹೋದ ಮೇಲೆ ಚೀಲವನ್ನು ಹೆಗಲಿಗೇರಿಸಿ ಅಂಗಡಿಗೆ ತಂದ.

ಅವನು ಅದನ್ನು ಕಳ್ಳತನವೆಂದುಕೊಂಡೇ ಇರಲಿಲ್ಲ, ಕಾಪಾಡುವ ಕೆಲಸವೆಂದುಕೊಂಡಿದ್ದ. ಗಟ್ಟಿ ಉಕ್ಕಿನ ಕಡ್ಡಿಯೊಂದನ್ನು ಅಳತೆಗೆ ಕತ್ತರಿಸಿ, ನಯ ಸಾಣೆಗೆ ಹಿಡಿದು, ತೂತಿಗೆ ಕೂದಲೆಳೆಯಷ್ಟೂ ಸಂದಿ ಉಳಿಯದಂತೆ ಕೂರಿಸಿದ. ಎರಡು ತುದಿಗೂ ಬಿದಿರಿನ ತೆಳುಚೂರು ಅಂಟಿಸಿ ತಿಕ್ಕಿದ. ಹೊರಗಿನಿಂದ ನೋಡಿದರೆ ಅದು ಹಳೆಯ ಆಣಿಯೇ. ಹಳೆಯ ಆಣಿಯನ್ನು ಮೇಜಿನ ಡ್ರಾಯರಿಗೆ ಹಾಕಿ, ಹೆಂಡತಿಗೂ ಉಸುರದೆ ಚೀಲವನ್ನು ಇದ್ದಲ್ಲೇ ತಂದಿಟ್ಟ. ಅವನ ಕೈಯಿಂದ ಅದಕ್ಕಿಂತ ಅಚ್ಚುಕಟ್ಟಾದ ಕೆಲಸ ಎಂದೂ ಆಗಿರಲಿಲ್ಲ. ಕಿಟಕಿಯಲ್ಲಿ ನಿಂತು ಮೊದಲ ಸಲ ನೆಮ್ಮದಿಯಿಂದ ಚಹಾ ಕುಡಿದ.

ನೆಮ್ಮದಿ ಎರಡೂವರೆ ವಾರ ಬಾಳಿತು. ಅನಂತರದ ಒಂದು ಬೆಳಗ್ಗೆ ಹಿತ್ತಲಿನಿಂದ, ಪ್ರತಿ ಬೀಸಿನ ಕೊನೆಗೆ, ಟಿಕ್ ಎಂಬ ಸಣ್ಣ ಸದ್ದು ಕೇಳಿತು. ಸಡಿಲವಾದ ಕತ್ತರಿಯ ತಿರುಪನ್ನು ಕಿವಿಯಲ್ಲೇ ಹಿಡಿಯುವವನಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಗಟ್ಟಿ ಉಕ್ಕು, ಮೆದು ಅಲಗು. ಬಿದಿರಾಗಿದ್ದರೆ ತಾನು ಸವೆಯುತ್ತಿತ್ತು. ಉಕ್ಕು ತಾನು ಸವೆಯದೆ ಅಲಗಿನ ತೂತನ್ನೂ ಹಿಡಿಯ ಮರವನ್ನೂ ತಿನ್ನುತ್ತಿದೆ. ಮೆದು ಲೋಹಕ್ಕೆ ಗಟ್ಟಿ ಮೊಳೆ ಹೊಡೆದು ತಂದವರನ್ನು ಅವನೇ ಎಷ್ಟು ಸಲ ಬೈದು ಕಳಿಸಿರಲಿಲ್ಲ? ಅಲಗು ಉಕ್ಕಲ್ಲ ಎಂದು ಅಯಸ್ಕಾಂತ ಹಚ್ಚಿ ಕಂಡುಹಿಡಿದಿದ್ದೂ ಅವನೇ. ಬಿದಿರನ್ನು ಅನುಮಾನಿಸುವ ಭರದಲ್ಲಿ ಕಸುಬಿನ ಮೊದಲ ಪಾಠವೇ ಮರೆತುಹೋಗಿತ್ತು.

ಅವತ್ತು ಶನಿವಾರ. ಮಗಳಿಗೆ ರಜೆ. ಮಧ್ಯಾಹ್ನದವರೆಗೂ ಕತ್ತಿ ಅವಳ ಕೈಬಿಡಲಿಲ್ಲ. "ಇವತ್ತು ಅಭ್ಯಾಸ ಸಾಕು ಪುಟ್ಟಿ, ಕತ್ತಿ ನನ್ನ ಹತ್ರ ಕೊಡು, ಒರೆಸಿಡ್ತೀನಿ" ಎಂದ. "ಯಾಕೆ?" ಎಂದು ಅವಳು ಕೇಳಿದಳು. ಅವನು ಒರೆಸುವ ಬಟ್ಟೆ ಹುಡುಕುವವನಂತೆ ಒಳಗೆ ಹೋದ. ನಾಲ್ಕು ಗಂಟೆಗೆ ಇಬ್ಬರೂ ತರಗತಿಗೆ ಹೊರಟರು.

ಹೊಸಬರ ಸಾಲು ಮುಂದೆ, ಹಳಬರದ್ದು ಹಿಂದೆ. ಮೂರನೆಯ ಬೀಸಿಗೇ ಟೀಚರು ಕೈಯೆತ್ತಿದರು. ಮಗಳ ಕತ್ತಿಯನ್ನು ತೆಗೆದುಕೊಂಡು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಕನ್ನಡಕ ಏರಿಸಿ, ಹಿಡಿಯ ಮೇಲಿನ ದಾರ ಸರಿಸಿ ನೋಡಿದರು. ಮರದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು.

"ಇನ್ನು ನಾಲ್ಕು ದಿನ ಹೀಗೇ ಬೀಸಿದ್ರೆ ಅಲಗು ಹಾರಿ ಮುಂದಿನ ಸಾಲಿನವರ ಬೆನ್ನಿಗೆ ಹೋಗ್ತಿತ್ತು" ಎಂದರು. ಮುಂದಿನ ಸಾಲಿನಲ್ಲಿ ಮಗಳಿಗೆ ನೇರವಾಗಿ ನಿಂತಿದ್ದವನು ಸಾಣೆಯಣ್ಣನೇ. "ಆಣಿ ತೆಗೆದು ನೋಡಿದ್ದು ಯಾವಾಗ?"

"ಈ ತಿಂಗಳ ಮೊದಲ ಭಾನುವಾರ, ಟೀಚರ್."

"ನಿಜವಾಗಿ ತೆಗೆದೆಯಾ, ಇಲ್ಲ ಮೇಲಿಂದ ಒತ್ತಿ ನೋಡಿದ್ಯಾ?"

"ತೆಗೆದೆ. ಬೆಳಕಿಗೆ ಹಿಡಿದು ನೋಡಿದೆ. ಚೆನ್ನಾಗೇ ಇತ್ತು."

"ಚೆನ್ನಾಗಿದ್ದ ಆಣಿ ಮೂರು ವಾರಕ್ಕೆ ಹೀಗೆ ಮಾಡಲ್ಲ." ಟೀಚರ ದನಿ ಏರಲಿಲ್ಲ, ತಣ್ಣಗಾಯಿತು. "ಪರೀಕ್ಷೆ ಹತ್ರ ಬಂತು, ಅವಸರ, ಬಿಟ್ಟುಹೋಯ್ತು. ಅಷ್ಟು ಹೇಳಿದ್ರೆ ನಾನು ಬೈದು ಸುಮ್ಮನಾಗ್ತಿದ್ದೆ."

"ನಾನು ನೋಡಿದೆ ಟೀಚರ್. ಸುಳ್ಳು ಹೇಳ್ತಿಲ್ಲ."

"ಈ ಸಲ ನಿನ್ನ ಹೆಸರು ಪರೀಕ್ಷೆಗೆ ಕಳಿಸಲ್ಲ. ಮುಂದೆ ಏನು ಅಂತ ಯೋಚನೆ ಮಾಡ್ತೀನಿ. ಕತ್ತಿ ಮನೆಗೆ ತಗೊಂಡು ಹೋಗು, ಹಿಡಿ ಬದಲಾಯಿಸೋವರೆಗೂ ಬೀಸ್ಬೇಡ."

ಮಗಳು ನಿಂತೇ ಇದ್ದಳು. ಸಾಣೆಯಣ್ಣ ತಿರುಗಿ ಅವಳ ಮುಖ ನೋಡಿದ. ಆ ಕೋಣೆಯಲ್ಲಿ ಅವಳು ಹೇಳುತ್ತಿರುವುದು ನಿಜವೆಂದು ಗೊತ್ತಿದ್ದವನು ಅವನೊಬ್ಬನೇ. ಹುಟ್ಟಿದಾಗಿನಿಂದ ಯಾವ ಮನುಷ್ಯನ ಯಾವ ಮಾತೂ ಅವನಿಗೆ ಇಷ್ಟು ಖಚಿತವಾಗಿ ಗೊತ್ತಿರಲಿಲ್ಲ. ನಿಜ ಹೇಳುವವರ ಮುಖ ಹೇಗಿರುತ್ತದೆ? ಕೆನ್ನೆ ಕೆಂಪಾಗಿತ್ತು, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ, ಕೆಳತುಟಿ ಅದುರುತ್ತಿತ್ತು. ಈ ಮುಖ ಅವನಿಗೆ ಚೆನ್ನಾಗಿ ಪರಿಚಯವಿತ್ತು. ಕೆಲಸ ಜಾಸ್ತಿ ಇತ್ತಪ್ಪ ಎಂದಾಗ ಇದೇ ಮುಖ. ಬಸ್ಸು ತಪ್ಪಿತು ಎಂದಾಗ ಇದೇ ಮುಖ. ಸ್ಕೂಲಿಗೆ ಹೋಗುವಾಗ, ಪೆನ್ನು ಕದ್ದಿದ್ದಲ್ಲ, ಗೆಳತಿ ಕೊಟ್ಟಿದ್ದು ಎಂದು ಅತ್ತಾಗಲೂ ಇದೇ ಮುಖ. ಇಷ್ಟು ವರ್ಷ ಅವನು ಅದನ್ನು ಸುಳ್ಳು ಹೇಳುವವರ ಮುಖ ಎಂದು ಓದಿಕೊಂಡು ಬಂದಿದ್ದ. ಅವನಿಗೆ ನಾಚಿಕೆಯಾಯಿತು.

ಸುಮ್ಮನಿರುವ ದಾರಿಯೂ ಅವನ ಮುಂದಿತ್ತು. ಕತ್ತಿ ಮನೆಗೆ ಬರುತ್ತದೆ, ಹಳೆಯ ಆಣಿ ಡ್ರಾಯರಿನಲ್ಲೇ ಇದೆ, ಹತ್ತು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ಮಗಳು ಮನೆಯಲ್ಲೇ ಇರುತ್ತಾಳೆ. ಈ ಕೋಣೆಯಲ್ಲಿ ಸುಳ್ಳಿ ಎನ್ನಿಸಿಕೊಂಡು, ಆದರೆ ಮನೆಯಲ್ಲೇ ಇರುತ್ತಾಳೆ. ಅವನು ಒಂದು ಕ್ಷಣ ಅದನ್ನು ನಿಜಕ್ಕೂ ಲೆಕ್ಕ ಹಾಕಿದ. ಆಮೇಲೆ ಬಾಯಿ ತೆರೆದ.

"ಅವಳು ನೋಡಿದ್ಲು. ನಾನು ನೋಡಿದ್ದೀನಿ ಅವಳು ನೋಡಿದ್ದನ್ನ. ಆಣಿ ಬದಲಾಯಿಸಿದ್ದು ನಾನು. ಅದು ಬಿದಿರಲ್ಲ, ಉಕ್ಕು. ತುದಿಗೆ ಬಿದಿರು ಅಂಟಿಸಿದ್ದೀನಿ."

ಟೀಚರು ಬೀರುವಿನಿಂದ ಸುತ್ತಿಗೆ ತಂದು ಆಣಿ ತಟ್ಟಿದರು. ಅದು ಠಣ್ಣೆಂದು ನೆಲಕ್ಕೆ ಬಿದ್ದು ಉರುಳಿತು. ಬಿದಿರು ಬಿದ್ದರೆ ಹಾಗೆ ಸದ್ದಾಗುವುದಿಲ್ಲ. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಮಗಳ ಎದುರು ಮಂಡಿಯೂರಿ, ಎರಡು ಕೈಯನ್ನೂ ನೆಲಕ್ಕೂರಿ, ಹಣೆ ನೆಲಕ್ಕೆ ಸೋಕುವಷ್ಟು ಬಾಗಿದರು. ಅರವತ್ತನಾಲ್ಕರ ಹೆಂಗಸು, ಇಪ್ಪತ್ತನಾಲ್ಕರ ಹುಡುಗಿಗೆ. "ನಿನ್ನ ಮಾತು ನಂಬಲಿಲ್ಲ. ನನ್ನದು ತಪ್ಪಾಯ್ತು. ಇಲ್ಲಿನ ಬೀರುವಿನ ಕತ್ತಿ ಕೊಡ್ತೀನಿ, ಪರೀಕ್ಷೆಗೆ ಹೋಗು" ಎಂದರು.

"ಟೀಚರ್, ನನಗೇನಾದ್ರೂ ಹೇಳಿ" ಎಂದ ಸಾಣೆಯಣ್ಣ.

"ನಿಮಗೆ ಹೇಳೋದು ನನ್ನ ಕೆಲಸ ಅಲ್ಲ. ಅದು ಅವಳದು."

ಮನೆಗೆ ಹೋಗುವಾಗ ಮಗಳು ರಸ್ತೆಯ ಆಚೆ ಬದಿಯಲ್ಲಿ ನಡೆದಳು. ಮನೆಗೆ ಬಂದು ಬೆಳಕಿರುವಾಗಲೇ ದೊಡ್ಡ ಚೀಲ ಇಳಿಸಿ ಬಟ್ಟೆ ಮಡಿಚಲು ಶುರುಮಾಡಿದಳು. ಲಾಂಡ್ರಿಯಿಂದ ಆಗಷ್ಟೇ ಬಂದಿದ್ದ ತಾಯಿ ಇಬ್ಬರ ಮುಖವನ್ನೂ ನೋಡಿದಳು. ಸಾಣೆಯಣ್ಣನೇ ಅವಳಿಗೆ ಎಲ್ಲವನ್ನೂ ಹೇಳಿದ, ಒಂದೂ ಬಿಡದೆ. ಹೇಳಿ ಮಗಳ ಕೋಣೆಯ ಬಾಗಿಲಿಗೆ ಬಂದು ನಿಂತ.

"ಪುಟ್ಟಿ, ನಿನಗೆ ಏಟಾಗಬಾರದು ಅಂತಲೇ ಕಣಮ್ಮ ಮಾಡಿದ್ದು."

ಅವಳು ಮಡಿಚುತ್ತಲೇ ಇದ್ದಳು. ನಾಲ್ಕನೆಯದೋ ಐದನೆಯದೋ ಬಟ್ಟೆಗೆ ಕೈ ನಿಂತಿತು.

"ಇನ್ನೇನು ಮಾಡಿದ್ದೀಯ?"

"ಅಂದ್ರೆ?"

"ನನಗೆ ಒಳ್ಳೇದಾಗ್ಲಿ ಅಂತ. ನನಗೆ ಗೊತ್ತಿಲ್ಲದ ಹಾಗೆ. ಇನ್ನೇನೇನು ಬದಲಾಯಿಸಿದ್ದೀಯ?"

"ಇನ್ನೇನೂ ಇಲ್ಲಮ್ಮ. ಇದೊಂದೇ."

ಅದು ನಿಜ. ಅವನು ಕದ್ದು ನೋಡಿದ್ದ, ಕೇಳಿದ್ದ, ಹಿಂಬಾಲಿಸಿದ್ದ. ಬದಲಾಯಿಸಿದ್ದು ಇದೊಂದನ್ನೇ. ಮಗಳು ಅವನ ಮುಖವನ್ನು ನೋಡಿದಳು. ಅವನ ಕೆನ್ನೆ ಬಿಸಿಯಾಯಿತು, ಕಣ್ಣು ಎಲ್ಲಿ ನಿಲ್ಲಬೇಕೋ ತಿಳಿಯದೆ ಗೋಡೆಗೆ ಹೋಯಿತು, ತುಟಿ ಒಣಗಿತು. ಹೇಗೆ ಮುಖ ಇಟ್ಟುಕೊಂಡರೆ ನಂಬುತ್ತಾಳೆ? ಅವನಿಗೆ ಗೊತ್ತಿರಲಿಲ್ಲ. "ನಿಜವಾಗ್ಲೂ" ಎಂದ. ಆ ಮಾತಿನಿಂದ ಇನ್ನಷ್ಟು ಸುಳ್ಳು ಹೇಳಿದಂತೆ ಕೇಳಿಸಿತು.

ಅವಳು ಎದ್ದು ಮೇಜಿನ ಖಾನೆ ಎಳೆದು ಪರೀಕ್ಷೆಯ ಅರ್ಜಿಯನ್ನು ತೆಗೆದು ಪ್ರತಿ ಸಾಲನ್ನೂ ಓದಿದಳು. ಕಪಾಟಿನ ಕೆಳಗಿದ್ದ ಪತ್ರಗಳ ಕಟ್ಟು ಬಿಚ್ಚಿದಳು. ಹೊರಗೆ ಹೋಗಿ ತನ್ನ ಸೈಕಲ್ಲನ್ನು ತಲೆಕೆಳಗಾಗಿಸಿ, ಚಕ್ರ ತಿರುಗಿಸಿ, ಬ್ರೇಕು ಹಿಡಿದು ನೋಡಿದಳು. ಫೋನಿನಲ್ಲಿ ಕನ್ನಡಕದ ಅಂಗಡಿಯ ಯಾರಿಗೋ, "ನಮ್ಮಪ್ಪ ಇತ್ತೀಚೆಗೆ ಅಂಗಡಿಗೆ ಬಂದಿದ್ರಾ? ಏನಾದ್ರೂ ಕೇಳಿದ್ರಾ?" ಎಂದಳು. ಎಲ್ಲಿಯೂ ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಅವಳ ಮುಖ ಇನ್ನಷ್ಟು ಗಂಟಿಕ್ಕಿತು. ಸಾಣೆಯಣ್ಣ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದ.

ಒಳಗೆ ಬಂದವಳು ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿಗೆ ಸೇರಿಸತೊಡಗಿದಳು.

ಅವನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. "ಹೋಗಲ್ವಾ, ಪುಟ್ಟಿ?"

"ಇಲ್ಲ."

"ಹೋಗಬೇಡಮ್ಮ. ನನ್ನಾಣೆ, ಇನ್ನು ಮೇಲೆ..."

"ನಾನು ಅಲ್ಲಿಗೆ ಹೋದ್ರೆ, ಇಲ್ಲಿ ನೀನು ಏನು ಮಾಡ್ತೀಯ ಅಂತ ನನಗೆ ಹೇಗೆ ಗೊತ್ತಾಗುತ್ತೆ?" ಎಂದಳು ಮಗಳು. "ನೀನು ನನ್ನ ಕಣ್ಣ ಮುಂದೇನೇ ಇರ್ಬೇಕು."

ಸಾಣೆಯಣ್ಣ ಹೊಸ್ತಿಲ ಮೇಲೆ ಕೂತ. ಬೇಡಿಕೊಂಡಿದ್ದು ಸಿಕ್ಕಿತ್ತು, ಮಗಳು ಮನೆಯಲ್ಲೇ ಉಳಿದಿದ್ದಳು. ಅವನು ಅತ್ತ. ಮದುವೆಯಾದ ಮೇಲೆ ಹೆಂಡತಿ ಅವನು ಅತ್ತಿದ್ದನ್ನು ಕಂಡಿರಲಿಲ್ಲ. ಆಕೆ ತಮಾಷೆ ಮಾಡಲಿಲ್ಲ, ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟಳು. ಮಗಳು ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಅಪ್ಪ ನಿಜವಾಗಿ ಅಳುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತ ನಿಂತಳು.